ಮಿಸೆಸ್ ವಿಟ್ಲಿ ಎಸೆದ ಬಾಣಲೆ

ಶುಭಾಳನ್ನು ನಲವತ್ತು ಮನೆಯವರ ಮುಂದೆ ತಲೆತಗ್ಗಿಸುವಂತೆ ಮಾಡಬೇಕು, ಅದೂ ಅವಳದೇ ಮಾತಿನಿಂದ. ಹನ್ನೊಂದು ತಿಂಗಳಿಂದ ಅನಸೂಯಳ ತಲೆಯಲ್ಲಿ ಇದ್ದದ್ದು ಇದೊಂದೇ. ನೆದರ್‌ಲ್ಯಾಂಡ್ಸ್‌ನ ಯುಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಅವಳು ಮಣ್ಣಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದಳು, ಪ್ರಬಂಧದ ಮೂರನೇ ಅಧ್ಯಾಯ ಅರ್ಧಕ್ಕೆ ನಿಂತಿತ್ತು. ಅದು ಕಾಯಲಿ ಎಂದು ಬದಿಗಿಟ್ಟಿದ್ದಳು. ಮಣ್ಣು ಎಲ್ಲಿಗೂ ಓಡಿಹೋಗುವುದಿಲ್ಲ.

ನಡೆದದ್ದು ಹೀಗೆ. 2020ರ ಜನವರಿಯಲ್ಲಿ ಅವಳಿಗೆ ಶುಭಾಳ ಮನೆಯ ಮಹಡಿ ಕೋಣೆ ಬಾಡಿಗೆಗೆ ಸಿಕ್ಕಿತು. ಶುಭಾ ಉಡುಪಿಯವಳು. ಗಂಡ ಲತೀಶ್ ಮಂಗಳೂರಿನವನು, ಐಟಿ ಕಚೇರಿಯ ನೌಕರ. ಮಗಳು ಕ್ಷಮಾಳಿಗೆ ಆಗ ಎಂಟು ವರ್ಷ. ಅನಸೂಯ ರಾಯಚೂರು ಕಡೆಯ ನಿವೃತ್ತ ಮೇಷ್ಟ್ರು ಬಸವಂತಪ್ಪನವರ ಮಗಳು. ಬಸವಂತಪ್ಪ ಎಂಬ ಹೆಸರು ಕೇಳಿ, ಹುಡುಗಿ ಮೊಟ್ಟೆಯನ್ನೂ ಮುಟ್ಟುವುದಿಲ್ಲವೆಂದು ತಿಳಿದು, ಶುಭಾ ಮನಸ್ಸಿನಲ್ಲೇ ಒಂದು ಜಾತಿ ಗೊತ್ತುಮಾಡಿಕೊಂಡು ನೆಮ್ಮದಿಯಾಗಿದ್ದಳು. ಅಡುಗೆಮನೆಯಲ್ಲಿ ಒಂದು ದಪ್ಪ ತಳದ ಸ್ಟೀಲ್ ಪಾತ್ರೆಯನ್ನು ತೋರಿಸಿ, "ಅನ್ನಕ್ಕೆ, ಗಂಜಿಗೆ ಇದನ್ನೇ ಇಟ್ಕೋ, ನಾಚ್ಕೋಬೇಡ, ಇದು ನಿನ್ನ ಮನೆ ಅಂತಲೇ ತಿಳ್ಕೋ ಮಾರಾಯ್ತಿ," ಎಂದಿದ್ದಳು.

ಮಾರ್ಚ್ ಎರಡನೇ ವಾರ, ಊರೆಲ್ಲ ಬಾಗಿಲು ಹಾಕುತ್ತಿದ್ದ ದಿನಗಳಲ್ಲಿ, ಅನಸೂಯ ಅಡುಗೆಮನೆಯಲ್ಲಿ ಅಪ್ಪನ ಜೊತೆ ವಿಡಿಯೊ ಕರೆಯಲ್ಲಿದ್ದಳು. ಶುಭಾ ಅಲ್ಲೇ ಬಂದು, "ನಮಸ್ಕಾರ ಅಂಕಲ್, ನಿಮ್ಮ ಮಗಳ ಚಿಂತೆ ಬಿಡಿ, ನಾವಿದ್ದೇವೆ," ಎಂದು ಫೋನಿಗೆ ಬಗ್ಗಿದಳು. ಮೇಷ್ಟ್ರ ಹಿಂದೆ ಗೋಡೆಯ ಮೇಲೆ ನೀಲಿ ಕೋಟಿನ ಬಾಬಾಸಾಹೇಬರ ದೊಡ್ಡ ಫೋಟೊ, ಅದಕ್ಕೆ ತಾಜಾ ಹೂವಿನ ಹಾರ. ಶುಭಾ ನೋಡಿದಳು, ನಕ್ಕಳು, ಹಾಲು ಉಕ್ಕುತ್ತದೆ ಎಂದು ಒಲೆಯ ಕಡೆ ತಿರುಗಿದಳು. ಒಲೆಯ ಮೇಲೆ ಹಾಲು ಇರಲಿಲ್ಲ.

ಮೂರನೇ ದಿನ ಬೆಳಿಗ್ಗೆ ಅವಳು ಮಹಡಿ ಹತ್ತಿ ಬಂದು ಬಾಗಿಲ ಚೌಕಟ್ಟಿನಲ್ಲೇ ನಿಂತು ಹೇಳಿದ ಮಾತು ಅನಸೂಯಳಿಗೆ ಅಕ್ಷರ ಅಕ್ಷರ ಬಾಯಿಪಾಠವಾಗಿದೆ. "ತಪ್ಪು ತಿಳ್ಕೋಬೇಡ. ನನಗೇನೂ ಇಲ್ಲ, ನಾವೆಲ್ಲ ಓದಿದವರು. ಆದ್ರೆ ಅತ್ತೆ ಬರೋರಿದ್ದಾರೆ, ಹಳೇ ಕಾಲದವರು, ಅವರ ಮನಸ್ಸಿಗೆ ನೋವಾಗುತ್ತೆ. ನಿನ್ನವರ ಹತ್ರವೇ ಎಲ್ಲಾದ್ರೂ ರೂಮ್ ನೋಡ್ಕೊಂಡ್ರೆ ನಿನಗೂ ಆರಾಮ ಅಲ್ವಾ?" ಪ್ರಪಂಚದ ವಿಮಾನಗಳೆಲ್ಲ ನೆಲಕ್ಕೆ ಇಳಿಯುತ್ತಿದ್ದ ವಾರವದು. ಮಂಗಳೂರಿನ ಅತ್ತೆ ಯಾವ ಗರುಡನ ಮೇಲೆ ಕೂತು ಬರುವವಳಿದ್ದಳೋ ದೇವರಿಗೇ ಗೊತ್ತು.

ಆದರೂ ಅನಸೂಯ ಅರ್ಧ ನಂಬಿ, ಅಂದೇ ಕೋಣೆ ಬಿಟ್ಟಳು. ಒಳ್ಳೆಯ ಮಾತಾಡಿದವರನ್ನು ನಂಬುವ ಅಭ್ಯಾಸ ಬೇಗ ಬಿಟ್ಟುಹೋಗುವುದಿಲ್ಲ. ಆ ಅರ್ಧ ನಂಬಿಕೆ ಹೋದದ್ದು ಮರುದಿನ, ಉಳಿದ ಪುಸ್ತಕಗಳನ್ನು ಒಯ್ಯಲು ಬಂದಾಗ. ಬೀದಿಯ ಕಸದ ಪೆಟ್ಟಿಗೆಯ ಪಕ್ಕ, ಮುರಿದ ಕುರ್ಚಿಯ ಜೊತೆ, ಆ ಸ್ಟೀಲ್ ಪಾತ್ರೆ ಬೋರಲಾಗಿ ಬಿದ್ದು ಮಳೆಯಲ್ಲಿ ನೆನೆಯುತ್ತಿತ್ತು. ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆದ ಕನ್ನಡ ಅಕ್ಷರ: "ಶುಭಾ–ಲತೀಶ್ ವಿವಾಹಕ್ಕೆ ವಾಸಂತಿ, 12-5-2008." ಮದುವೆಯ ಉಡುಗೊರೆ. ಮನೆಯ ಪಾತ್ರೆಗಳಲ್ಲಿ ಅವಳು ಬಳಸಿದ್ದು ಅದೊಂದನ್ನೇ, ಬೀದಿಗೆ ಬಿದ್ದದ್ದೂ ಅದೊಂದೇ. ಈ ಊರಿನಲ್ಲಿ ಕನ್ನಡ ಓದುವವರು ಯಾರು ಎಂದುಕೊಂಡು ಎಸೆದಿರಬೇಕು. ಓದಬಲ್ಲ ಒಬ್ಬಳನ್ನು ಆ ಹಿಂದಿನ ದಿನವಷ್ಟೇ ಹೊರಗೆ ಹಾಕಿದ್ದು ಅವಳಿಗೆ ನೆನಪಾಗಲಿಲ್ಲ.

ಅನಸೂಯ ಪಾತ್ರೆಯನ್ನು ಎತ್ತಿಕೊಂಡಳು. ಪುಸ್ತಕಗಳ ಜೊತೆ ಚೀಲಕ್ಕೆ ಹಾಕಿಕೊಂಡಳು.

ಆಮೇಲೆ ಮೂರು ತಿಂಗಳು ನೂರ್ಡ್‌ವೈಕ್ ಎಂಬ ಕಡಲತೀರದ ಊರಿನಲ್ಲಿ, ಪ್ರವಾಸಿಗಳಿಲ್ಲದೆ ಬಿಕೋ ಎನ್ನುತ್ತಿದ್ದ ಒಂದು ವಸತಿಗೃಹದ ಕೋಣೆಯಲ್ಲಿ ಕಳೆದಳು. ಹಗಲಿಡೀ ಸಮುದ್ರದ ಗಾಳಿ ಕಿಟಕಿಯನ್ನು ಅಲುಗಿಸುತ್ತಿತ್ತು. ಅಲ್ಲೇ ಜ್ವರ ಬಂತು. ಹನ್ನೆರಡು ದಿನ ಒಬ್ಬಳೇ ಮಲಗಿ, ಎದ್ದು, ಕರೆಂಟಿನ ಒಲೆಯ ಮೇಲೆ ಅದೇ ಪಾತ್ರೆಯಲ್ಲಿ ಗಂಜಿ ಕಾಯಿಸಿ ಕುಡಿದಳು. ಕುಡಿಯುವಾಗಲೆಲ್ಲ ಅಂಚಿನ ಹೆಸರು ಓದಿದಳು. ಜ್ವರ ಬಿಟ್ಟಿತು, ಸಿಟ್ಟು ಬಿಡಲಿಲ್ಲ. ಅಪ್ಪ ಫೋನಿನಲ್ಲಿ, "ಮಂದಿ ಭಾಂಡೆ ನಿನ್ನ ಹತ್ರ ಯಾಕವ್ವ? ಅವರದು ಅವರಿಗೆ ಕೊಟ್ಟುಬಿಡು," ಎಂದರು. "ಕೊಡ್ತೀನಪ್ಪ. ಎಲ್ಲಾರ ಮುಂದ ಕೊಡ್ತೀನಿ," ಎಂದಳು.

ಜೂನ್ ಹೊತ್ತಿಗೆ ಯುಟ್ರೆಕ್ಟ್‌ನಲ್ಲೇ ಬೇರೆ ಕೋಣೆ ಸಿಕ್ಕಿತು. ಆ ಬೇಸಿಗೆಯಲ್ಲಿ ಅಮೆರಿಕದ ಕಪ್ಪು ಜನರ ಹೋರಾಟದ ಸುದ್ದಿ ಇಲ್ಲಿನ ಶಾಲೆಗಳಿಗೂ ಬಂದಿತ್ತು. ಶರತ್ಕಾಲದಲ್ಲಿ ಕನ್ನಡ ಸಂಘ ಭಾನುವಾರದ ಮಕ್ಕಳ ತರಗತಿಯನ್ನು ಜೂಮ್‌ನಲ್ಲಿ ಶುರುಮಾಡಿದಾಗ ಅನಸೂಯ ತಾನೇ ಮುಂದೆ ಬಂದು ಕಲಿಸುವ ಕೆಲಸ ಒಪ್ಪಿಕೊಂಡಳು. ಮಕ್ಕಳ ಸಮಿತಿಗೆ ಮುಖ್ಯಸ್ಥೆ ಯಾರು? ಶುಭಾ. ಅದಕ್ಕೇ ಒಪ್ಪಿಕೊಂಡದ್ದು.

ಪರದೆಯ ಮೇಲೆ ಅವಳನ್ನು ಕಂಡ ಕೂಡಲೇ ಶುಭಾ ಬಾಯಿ ತುಂಬ ನಕ್ಕಳು. "ಅನಸೂಯ! ಎಷ್ಟು ದಿನ ಆಯ್ತೇ! ನಮ್ಮ ಮನೆ ಬಿಟ್ಟ ಮೇಲೆ ಒಂದು ಫೋನೂ ಇಲ್ಲ ನಿಂದು. ತುಂಬ ಇಳಿದುಹೋಗಿದ್ದೀಯ, ಡಯಟ್ ಏನಾದ್ರೂ ಮಾಡ್ತಿದ್ದೀಯಾ?"

ಮರೆತಿದ್ದಳು. ನಟನೆಯಲ್ಲ, ನಿಜವಾಗಿಯೂ ಮರೆತಿದ್ದಳು. ತಾನು ಎಂಟು ತಿಂಗಳು ಎದೆಯಲ್ಲಿ ಕೆಂಡ ಇಟ್ಟುಕೊಂಡು ತಿರುಗಿದ್ದರೆ, ಅದನ್ನು ಇಟ್ಟವಳಿಗೆ ಬೆರಳೂ ಬಿಸಿಯಾಗಿರಲಿಲ್ಲ. ಅವಮಾನಕ್ಕಿಂತ ಈ ಮರೆವು ಅನಸೂಯಳನ್ನು ಹೆಚ್ಚು ಸುಟ್ಟಿತು.

"ನೋಡು, ಶಾಲೇಲಿ ಮಕ್ಕಳೆಲ್ಲ ಅಮೆರಿಕದ ಸಿವಿಲ್ ರೈಟ್ಸ್ ಬಗ್ಗೆ ಮಾತಾಡ್ತಾರೆ, ನಮ್ಮವು ಬಾಯಿ ಬಿಡಲ್ಲ," ಎಂದಳು ಶುಭಾ. "ಕನ್ನಡದಲ್ಲೇ ಏನಾದ್ರೂ ಮಾಡು. ಡೇಟು ಗೀಟು ಬೇಡ, ಕತೆ ಥರ ಇರಲಿ, ಮಕ್ಕಳಿಗೆ ಮನಸ್ಸಿಗೆ ತಟ್ಟಬೇಕು. ಒಂದೇ ರಿಕ್ವೆಸ್ಟು. ಇಂಡಿಯಾ ವಿಷಯ ತರಬೇಡ. ಪೇರೆಂಟ್ಸ್‌ಗೆ ಇಷ್ಟ ಆಗಲ್ಲ."

"ತರಲ್ಲ ಅಕ್ಕ," ಎಂದಳು ಅನಸೂಯ. ಮಾತಿಗೆ ತಪ್ಪಲೂ ಇಲ್ಲ.

ಅವಳು ಕತೆ ಬರೆದಳು. ಅಲಬಾಮ ರಾಜ್ಯದ ಮಾಂಟ್ಗೊಮರಿ, 1955ರ ಡಿಸೆಂಬರ್. ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡಬೇಕೆಂಬ ಕಾನೂನಿನ ವಿರುದ್ಧ ಊರಿನ ಕಪ್ಪು ಜನ ಬಸ್ಸು ಹತ್ತುವುದನ್ನೇ ಬಿಟ್ಟು, ಒಂದು ವರ್ಷಕ್ಕೂ ಮೇಲೆ ನಡೆದರು. ಇಷ್ಟು ಇತಿಹಾಸ. ಅದರೊಳಗೆ ಅವಳು ಕಟ್ಟಿದ್ದು ಡೆಲ್ಲಾ ಎಂಬ ಹುಡುಗಿಯ ಕತೆ. ಡೆಲ್ಲಾ ಮಿಸೆಸ್ ವಿಟ್ಲಿ ಎಂಬ ಬಿಳಿ ಹೆಂಗಸಿನ ಮನೆಯಲ್ಲಿ ಕೆಲಸ ಮಾಡುತ್ತ, ಹಿತ್ತಲ ಕೋಣೆಯಲ್ಲಿ ಇರುವವಳು. ಅವಳೂ ನಡೆಯುವವರ ಜೊತೆ ಸೇರಿದಳೆಂದು ತಿಳಿದ ದಿನ ಮಿಸೆಸ್ ವಿಟ್ಲಿ ಮೆಲ್ಲಗೆ ಬಂದು ಕೋಣೆ ಬಿಡಿಸುತ್ತಾಳೆ, ಅವಳು ತನಗಾಗಿ ಬೇಯಿಸಿಕೊಳ್ಳುತ್ತಿದ್ದ ಕಬ್ಬಿಣದ ಬಾಣಲೆಯನ್ನು ಬೀದಿಗೆ ಎಸೆಯುತ್ತಾಳೆ. ಡೆಲ್ಲಾಳ ಪುಟ್ಟ ತಂಗಿ ಎಲ್ಸಿ ಇದನ್ನೆಲ್ಲ ನೋಡಿ ಹೇಳುತ್ತಾಳೆ. ಮಿಸೆಸ್ ವಿಟ್ಲಿಯ ಮಾತುಗಳನ್ನು ಅನಸೂಯ ಕಟ್ಟಲಿಲ್ಲ, ನೆನಪಿನಿಂದ ಇಳಿಸಿದಳು. ಒಂದು ಅಕ್ಷರವನ್ನೂ ಬದಲಿಸಲಿಲ್ಲ.

ಒಂದು ವಿಷಯ ಮಾತ್ರ ಅವಳು ಎಣಿಸಿರಲಿಲ್ಲ: ಮಕ್ಕಳು ಕತೆಯನ್ನು ಇಷ್ಟು ಹಚ್ಚಿಕೊಳ್ಳುತ್ತಾರೆಂದು. ಪ್ರತಿ ಭಾನುವಾರ ಒಂದು ಕಂತು, ಆಮೇಲೆ ಒಂದು ಕೆಲಸ. ಒಂದು ವಾರ ಎಲ್ಲರೂ ಸೈಕಲ್ ಮುಟ್ಟದೆ ನಡೆದೇ ಓಡಾಡಿ, ಎಲ್ಸಿಯ ಹೆಸರಿನಲ್ಲಿ ದಿನಚರಿ ಬರೆಯಬೇಕು. "ಮಿಸ್, ಅವರು ಸೈಕಲ್‌ನಲ್ಲಿ ಹೋಗಬಹುದಿತ್ತಲ್ಲಾ?" ಎಂದು ಕೇಳಿದ ಹತ್ತು ವರ್ಷದ ಅವಿನ್‌ಗೆ, ಎಲ್ಲರ ಮನೆಯಲ್ಲೂ ಸೈಕಲ್ ಇಲ್ಲದ ಊರುಗಳಿವೆ ಎಂದು ತಿಳಿಸಲು ಅರ್ಧ ತರಗತಿ ಹಿಡಿಯಿತು. ಕ್ಷಮಾ ದಿನಚರಿಯಲ್ಲಿ ಮೂರು ಪುಟ ಬರೆದಳು. ಅವಳ ಕನ್ನಡ ಎಲ್ಲರಿಗಿಂತ ಚೆನ್ನಾಗಿತ್ತು. ಹಿಂದೆ ಅನು ಆಂಟಿಯ ಕೋಣೆಗೆ ಓಡಿಬಂದು, ಮಂಚದ ಮೇಲೆ ಕೂತು ಕಾಗುಣಿತ ಕಲಿತಿದ್ದ ಹುಡುಗಿ. ಈಗ ಅದೇ ಕೋಣೆ ಅವಳ ಓದುವ ಕೋಣೆಯಾಗಿತ್ತು. ಪರದೆಯಲ್ಲಿ ಅವಳ ಹಿಂದೆ ಕಾಣುವ ಓರೆ ಕಿಟಕಿಯನ್ನು ಅನಸೂಯ ಕಂಡ ಕೂಡಲೇ ಗುರುತಿಸುತ್ತಿದ್ದಳು.

"ಮಿಸೆಸ್ ವಿಟ್ಲಿಗೆ ಮಗಳು ಇಲ್ವಾ ಮಿಸ್?" ಎಂದು ಕ್ಷಮಾ ಒಂದು ದಿನ ಕೇಳಿದಳು.

"ಕತೆಯಲ್ಲಿ ಇಲ್ಲ ಪುಟ್ಟಿ. ಯಾಕೆ?"

"ಸುಮ್ನೆ," ಎಂದಳು ಕ್ಷಮಾ, ಉಗುರು ಕಚ್ಚುತ್ತ.

ಕೊನೆಯ ದಿನ ಇಡೀ ಕತೆಯನ್ನು ನಾಟಕದಂತೆ ಓದಬೇಕು, ದೊಡ್ಡವರ ಪಾತ್ರಗಳನ್ನು ದೊಡ್ಡವರೇ ಓದಬೇಕು ಎಂದು ಅನಸೂಯ ಸಮಿತಿಗೆ ಬರೆದಳು. ಕಾಲೇಜಿನಲ್ಲಿ ನಾಟಕಕ್ಕೆ ಬಹುಮಾನ ಪಡೆದಿದ್ದ ಶುಭಾ ಸಣ್ಣ ಪಾತ್ರಕ್ಕೆ ಒಪ್ಪುವವಳಲ್ಲ. ಮಿಸೆಸ್ ವಿಟ್ಲಿ ತನಗೇ ಬೇಕೆಂದಳು. ಬಲೆ ಬೀಸುವುದಿರಲಿ, ಮೀನೇ ಬುಟ್ಟಿಗೆ ಬಂದು ಕೂತಿತು. ಮೊದಲ ಸಲ ಓದಿದಾಗ ಮುಖ ಬಿಳುಚುತ್ತದೆ ಎಂದು ಅನಸೂಯ ಕಣ್ಣು ಮಿಟುಕಿಸದೆ ನೋಡಿದಳು. ಶುಭಾ ಓದಿ ಮುಗಿಸಿ, ನಿಟ್ಟುಸಿರು ಬಿಟ್ಟು, ಕಣ್ಣು ಒರೆಸಿಕೊಂಡಳು.

"ಎಂಥಾ ಹೆಂಗಸು ಮಾರಾಯ್ತಿ ಇವಳು! ಓದ್ತಾ ಇದ್ರೆ ಇವಳ ಕೆನ್ನೆಗೆ ಎರಡು ಬಾರಿಸಬೇಕು ಅನ್ಸುತ್ತೆ."

ಬಾರಿಸಿಕೊಳ್ಳಿ ಅಕ್ಕ, ಯಾರು ಬೇಡ ಅಂದರು, ಎಂಬ ಮಾತು ಅನಸೂಯಳ ನಾಲಿಗೆಯ ತುದಿಗೆ ಬಂದು ನಿಂತಿತು.

"ಆದ್ರೆ ಒಂದು ಹೇಳ್ತೇನೆ," ಎಂದಳು ಶುಭಾ. "ಇವಳು ಇದನ್ನ ಜೋರು ಮಾಡಿ ಹೇಳಬಾರದು. ಸಿಹಿಯಾಗಿ ಹೇಳ್ಬೇಕು. ಇಂಥವರು ಸಿಹಿಯಾಗಿಯೇ ಹೇಳೋದು."

"ನಿಮಗೆ ಹೇಗೆ ಬರುತ್ತೋ ಹಾಗೆ ಹೇಳಿ ಅಕ್ಕ. ನೀವು ಹೇಳಿದ್ರೆ ಸರಿಯಾಗೇ ಇರುತ್ತೆ."

ಫೆಬ್ರವರಿಯ ಎರಡನೇ ಭಾನುವಾರ, ಹನ್ನೊಂದು ಗಂಟೆ. ಹೊರಗೆ ಕಾಲುವೆ ಹೆಪ್ಪುಗಟ್ಟಿ, ಊರಿಗೆ ಊರೇ ಸ್ಕೇಟು ಕಟ್ಟಿಕೊಂಡು ಜಾರುತ್ತಿತ್ತು. ಆದರೂ ಪರದೆಯಲ್ಲಿ ನಲವತ್ತೊಂದು ಕಿಟಕಿಗಳು ತೆರೆದಿದ್ದವು. ಸಂಘದ ಅಧ್ಯಕ್ಷ ಮಹಾಬಲೇಶ್ವರ, ಅನ್ಯಾಯವನ್ನು ಕಂಡು ಕಣ್ಣು ಮುಚ್ಚಬಾರದು ಎಂದು ಐದು ನಿಮಿಷ ಮಾತಾಡಿದರು. ಐಂಡ್‌ಹೋವನ್‌ನ ವಿದ್ಯಾರ್ಥಿನಿ ಸಿಂಧೂರ ಡೆಲ್ಲಾಳಾಗಿ ಓದಿದಳು. ಮಹಡಿ ಕೋಣೆಯಿಂದ ಕ್ಷಮಾ ಎಲ್ಸಿಯಾದಳು. ಕೆಳಗಿನ ಹಾಲಿನಿಂದ ಶುಭಾ, ಕೊರಳಿಗೆ ಮುತ್ತಿನ ಸರ ಹಾಕಿಕೊಂಡು, ಮಿಸೆಸ್ ವಿಟ್ಲಿಯಾದಳು.

"ತಪ್ಪು ತಿಳ್ಕೋಬೇಡ. ನನಗೇನೂ ಇಲ್ಲ, ನಾವೆಲ್ಲ ಓದಿದವರು. ಆದ್ರೆ ಅತ್ತೆ ಬರೋರಿದ್ದಾರೆ..."

ಅದೇ ದನಿ, ಅದೇ ಓರೆ ಮಾಡಿದ ತಲೆ. ಚಾಟ್‌ನಲ್ಲಿ ಶುಭಾಳ ಅಭಿನಯಕ್ಕೆ ಚಪ್ಪಾಳೆಗಳ ಸಾಲು.

ಓದು ಮುಗಿದ ಮೇಲೆ ತರಗತಿಯ ಪದ್ಧತಿಯೊಂದಿತ್ತು. ಒಂದು ಪಾತ್ರ ಕುರ್ಚಿಯಲ್ಲಿ ಕೂರಬೇಕು, ಮಕ್ಕಳು ಏನು ಕೇಳಿದರೂ ಆ ಪಾತ್ರವಾಗಿಯೇ ಉತ್ತರ ಕೊಡಬೇಕು. ಅನಸೂಯ ಮಿಸೆಸ್ ವಿಟ್ಲಿಯನ್ನು ಕೂರಿಸಿದಳು. ಮೊದಲು ಅವಿನ್ ಕೇಳಿದ: "ಬಾಣಲೆ ತೊಳೆದು ಇಟ್ಕೋಬಹುದಿತ್ತಲ್ವಾ?"

ಶುಭಾ ನಕ್ಕಳು. ಯೋಚಿಸಲೂ ಇಲ್ಲ. "ತೊಳೆದ್ರೆ ಹೋಗೋ ಕೊಳೆ ಅಲ್ಲ ಮಗೂ ಅದು."

ಈ ಮಾತನ್ನು ಅನಸೂಯ ಬರೆದಿರಲಿಲ್ಲ. ಎಲ್ಲರೂ ಮತ್ತೆ ಚಪ್ಪಾಳೆ ತಟ್ಟಿದರು. ಅವಳು ಮೇಜಿನ ಕೆಳಗಿಂದ ಪಾತ್ರೆಯನ್ನು ಎತ್ತಿ, ಕೊರೆದ ಅಂಚನ್ನು ಕ್ಯಾಮೆರಾಕ್ಕೆ ಹಿಡಿದಳು. ಹೆಸರನ್ನು ಕ್ಷಮಾಳ ಬಾಯಿಂದಲೇ ಓದಿಸಬೇಕೆಂದು ಮೊದಲು ಎಣಿಸಿದ್ದಳು, ಚೆನ್ನಾಗಿ ಓದುವವಳು ಅವಳೇ. ಆದರೆ ಪರದೆಯಲ್ಲಿ ಆ ಮಗುವಿನ ಮುಖ ಕಂಡಾಗ ಬಾಯಿ ಬರಲಿಲ್ಲ.

"ಮಿಸೆಸ್ ವಿಟ್ಲಿ, ಇದನ್ನ ನೀವೇ ಓದಿ. ಕಳೆದ ಮಾರ್ಚ್‌ನಲ್ಲಿ ಇದು ಇದೇ ಊರಿನ ಬೀದಿ ಕಸದಲ್ಲಿ ಬಿದ್ದಿತ್ತು. ನಾನು ಇದರಲ್ಲಿ ಎರಡು ತಿಂಗಳು ಅನ್ನ ಮಾಡಿದ್ದೆ. ಈಗ ನೀವು ಓದಿದ ಮಾತುಗಳೂ ನಾನು ಕಟ್ಟಿದ್ದಲ್ಲ. ನನ್ನನ್ನ ಹೊರಗೆ ಹಾಕುವಾಗ ನೀವು ಹೇಳಿದ್ದು."

ಶುಭಾಳ ಮುಖದಲ್ಲಿ ಬಣ್ಣ ಹೋಗಿ ಬಂತು. ಆದರೆ ಅವಳು ನಾಟಕದವಳು, ಕ್ಷಣದಲ್ಲಿ ಸುಧಾರಿಸಿಕೊಂಡಳು.

"ಅಯ್ಯೋ ದೇವರೇ! ಅದು ನಮ್ಮ ವಾಸಂತಿ ದೊಡ್ಡಮ್ಮ ಕೊಟ್ಟ ಪಾತ್ರೆ! ಮನೆಯೆಲ್ಲ ಹುಡುಕಿದ್ದೇ ಹುಡುಕಿದ್ದು. ನೀನು ತಗೊಂಡು ಹೋಗಿದ್ಯಾ ಅನಸೂಯ? ಕೇಳಿದ್ರೆ ನಾನೇ ಕೊಡ್ತಿರಲಿಲ್ವಾ? ಈಗ ಅದನ್ನ ಮುಚ್ಚಿಕೊಳ್ಳೋಕೆ ಎಂಥೆಂಥ ಕತೆ ಕಟ್ಟುತ್ತೀ!"

ಹನ್ನೊಂದು ತಿಂಗಳು ಹೊಂಚಿದ ಅನಸೂಯಳಿಗೆ ಇದು ಹೊಳೆದಿರಲಿಲ್ಲ. ಪಾತ್ರೆ ಅವಳ ಕೈಯಲ್ಲಿದೆ, ಹೆಸರು ಶುಭಾಳದು. ಕಳ್ಳಿ ಎನ್ನಲು ಇನ್ನೇನು ಬೇಕು? ಕೆಲವು ಕಿಟಕಿಗಳಲ್ಲಿ ಆಗಲೇ ಮುಖಗಳು ಪಕ್ಕದವರ ಕಡೆ ತಿರುಗಿ ಪಿಸುಗುಟ್ಟುತ್ತಿದ್ದವು. ಮಹಾಬಲೇಶ್ವರ ಗಂಟಲು ಸರಿಮಾಡಿಕೊಂಡರು. ಸೇಡು ತೀರಿಸಲು ಹೋದವಳು ತಾನೇ ತೋಡಿದ ಗುಂಡಿಯಲ್ಲಿ ನಿಂತಿದ್ದಳು.

ಆಗ ಕ್ಷಮಾಳ ಕಿಟಕಿಯ ಮೂಲೆಯಲ್ಲಿ ಪ್ರಶ್ನೆ ಕೇಳುವವರ ಹಳದಿ ಕೈ ಮೇಲೆದ್ದಿತು.

"ಮಿಸೆಸ್ ವಿಟ್ಲಿಗೆ ನನ್ನದೊಂದು ಪ್ರಶ್ನೆ," ಎಂದಳು. "ಬಾಣಲೇನ ಹೊರಗೆ ತಗೊಂಡು ಹೋಗಿ ಇಟ್ಟಿದ್ದು ಯಾರು?"

"ಕ್ಷಮಾ, ಆಟ ಮುಗೀತು. ಲಾಗೌಟ್ ಮಾಡು."

"ನೇ, ಮಾಮಾ," ಎಂದಳು ಕ್ಷಮಾ ಡಚ್ಚಿನಲ್ಲಿ, ಇಲ್ಲಮ್ಮ ಎಂದು. "ನಾನು ಇಟ್ಟಿದ್ದು. ಮಳೆ ಬರ್ತಿತ್ತು, ನೀನೇ ನನಗೆ ಜಾಕೆಟ್ ಹಾಕಿಸಿ ಕಳಿಸಿದ್ದೆ. ಮಿಸ್ ಕದ್ದಿಲ್ಲ." ಅವಳು ಕ್ಯಾಮೆರಾದ ಹತ್ತಿರಕ್ಕೆ ಬಗ್ಗಿದಳು. "ಮಿಸೆಸ್ ವಿಟ್ಲಿ, ನೀವು ನಿಮ್ಮ ಮಗಳಿಗೆ ಏನು ಹೇಳಿದ್ರಿ?"

ಶುಭಾಳ ಕಿಟಕಿ ಕಪ್ಪಾಯಿತು. ಮರುಕ್ಷಣ ಕ್ಷಮಾಳ ಮೈಕಿನಲ್ಲಿ ಮರದ ಮೆಟ್ಟಿಲಿನ ಸದ್ದು ಕೇಳಿತು. ಯಾರೋ ಧಡಧಡನೆ ಹತ್ತಿ ಬರುತ್ತಿದ್ದರು. ಅನಸೂಯಳ ಬೆರಳು ತಾನಾಗಿ ಮ್ಯೂಟ್ ಗುಂಡಿಯ ಮೇಲೆ ಹೋಯಿತು. ಒತ್ತಿದರೆ ಮಗು ಎಲ್ಲರೆದುರು ಬೈಸಿಕೊಳ್ಳುವುದು ತಪ್ಪುತ್ತದೆ. ಒತ್ತದಿದ್ದರೆ ನಲವತ್ತು ಮನೆಗಳು ಕೇಳುತ್ತವೆ.

"ಮಿಸ್, ನನ್ನ ಮ್ಯೂಟ್ ಮಾಡಬೇಡಿ," ಎಂದಳು ಕ್ಷಮಾ.

ಅನಸೂಯ ಒತ್ತಲಿಲ್ಲ. ಮಗು ಕೇಳಿಕೊಂಡಿತೆಂದಲ್ಲ. ಅವಳಿಗೇ ಬೇಕಿತ್ತು. ಇದನ್ನು ಅವಳು ಮುಂದೆಂದೂ ತನ್ನಿಂದ ಮುಚ್ಚಿಡಲಿಲ್ಲ.

ಬಾಗಿಲು ದಢಾರನೆ ತೆರೆಯಿತು. ಶುಭಾಳ ದನಿಯಲ್ಲಿ ಈಗ ಸಿಹಿ ಇರಲಿಲ್ಲ. "ಎಲ್ಲರೆದುರು ನನ್ನ ಮಾನ ತೆಗೆದೆಯಲ್ಲ! ಆ ಜಾತಿಯವಳು ಬೇಯಿಸಿ ತಿಂದ ಪಾತ್ರೆಯಲ್ಲಿ ನಾವು ಉಣ್ಣಬೇಕಿತ್ತಾ, ಹಾಂ? ನಿನಗೆ ಅವಳೇ ಹೆಚ್ಚಾದಳಾ?"

ಪರದೆಯಲ್ಲಿ ಕ್ಷಮಾ ತಿರುಗಿ ಅಮ್ಮನನ್ನು ನೋಡಿದಳು. ಅವಳ ಬೆನ್ನು ಮಾತ್ರ ಕಾಣುತ್ತಿತ್ತು.

"ಪಾತ್ರೇಲಿ ಕೊರೊನಾ ಇದೆ ಅಂದಿದ್ದೆಯಲ್ಲಮ್ಮ," ಎಂದಳು. "ಹಾಗಾದ್ರೆ ಕೊರೊನಾ ಅಲ್ವಾ?"

ಯಾರೂ ಚಪ್ಪಾಳೆ ತಟ್ಟಲಿಲ್ಲ.

ಅರ್ಧ ಗಂಟೆಯ ನಂತರ ಮಹಾಬಲೇಶ್ವರರ ಫೋನು ಬಂತು. "ಮಕ್ಕಳ ಮುಂದೆ ಇದೆಲ್ಲ ಬೇಕಿತ್ತೇನಮ್ಮ? ಅಮೆರಿಕದ ವಿಷಯ ಎಷ್ಟು ಚೆನ್ನಾಗಿ ನಡೀತಿತ್ತು."

"ಇಂಡಿಯಾ ವಿಷಯ ನಾನು ತರಲಿಲ್ಲ ಸರ್," ಎಂದಳು ಅನಸೂಯ. "ಬೇಡ ಅಂದವರೇ ತಂದರು." ಫೋನಿಟ್ಟು ಊಟ ಮಾಡಿದಳು. ಹೊಟ್ಟೆ ತುಂಬ ಮಾಡಿದಳು. ಹನ್ನೊಂದು ತಿಂಗಳಲ್ಲಿ ಮೊದಲ ಸಲ ಅನ್ನಕ್ಕೆ ರುಚಿ ಇತ್ತು. ತಿರುಗಿ ನಿಂತ ಆ ಪುಟ್ಟ ಬೆನ್ನು ನೆನಪಾದಾಗ ಮಾತ್ರ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದಳು. ನೀರು ಕುಡಿದು ಮತ್ತೆ ಎತ್ತಿದಳು.

ಮಂಗಳವಾರ ಬೆಳಿಗ್ಗೆ ಬಾಗಿಲ ಗಂಟೆ ಕೇಳಿಸಿತು. ಮೆಟ್ಟಿಲ ಕೆಳಗೆ, ಮಾಸ್ಕ್ ಹಾಕಿಕೊಂಡ ಲತೀಶ್. ಎರಡು ಸೈಕಲ್ಲು, ಪಕ್ಕದಲ್ಲಿ ಕ್ಷಮಾ.

"ಇವಳು ಹಠ ಹಿಡಿದಿದ್ದಾಳೆ," ಎಂದ ಲತೀಶ್, ನೆಲ ನೋಡುತ್ತ. "ಆ ಪಾತ್ರೆ ವಾಪಸ್ ಬೇಕಂತೆ. ಅದಿಲ್ಲದೆ ಮನೇಲಿ ಊಟ ಮಾಡಲ್ಲ ಅಂತಾಳೆ."

"ನಾನು ಹೊರಗಿಟ್ಟಿದ್ದು," ಎಂದಳು ಕ್ಷಮಾ. "ನಾನೇ ಒಳಗೆ ತಗೊಂಡು ಹೋಗ್ತೀನಿ."

ಒಲೆಯ ಮೇಲೆ ಆಗಷ್ಟೇ ಗಂಜಿ ಆಗಿತ್ತು. ಅನಸೂಯ ಅದನ್ನು ಬೇರೆ ಪಾತ್ರೆಗೆ ಬಗ್ಗಿಸಲು ಸೌಟು ಎತ್ತಿದವಳು ಹಾಗೇ ಕೆಳಗಿಟ್ಟಳು. ಮುಚ್ಚಳ ಮುಚ್ಚಿ, ಟವೆಲ್ಲು ಸುತ್ತಿ, ಬಿಸಿಬಿಸಿ ಗಂಜಿಯ ಸಮೇತ ಪಾತ್ರೆಯನ್ನು ತಂದು ಕ್ಷಮಾಳ ಸೈಕಲ್ಲಿನ ಮುಂದಿನ ಬುಟ್ಟಿಯಲ್ಲಿಟ್ಟಳು.

ಲತೀಶ್ ಬೆಚ್ಚಿದ. "ಒಳಗಿರೋದು... ಶುಭಾ ಅದನ್ನ..."

"ಖಾಲಿ ಪಾತ್ರೆ ಕೊಡೋದು ನಮ್ಮ ಮನೇಲಿ ಪದ್ಧತಿ ಇಲ್ಲ," ಎಂದಳು ಅನಸೂಯ. "ನಿಮ್ಮ ಮನೆಯಲ್ಲೂ ಇಲ್ಲ. ಶುಭಾ ಅಕ್ಕನಿಗೆ ಗೊತ್ತು."

ಕ್ಷಮಾ ಆಂಟಿಯ ಮುಖ ನೋಡಿದಳು. ನಗಲಿಲ್ಲ. ಬುಟ್ಟಿಯ ಮೇಲೆ ಒಂದು ಕೈ ಇಟ್ಟು, ಕರಗುತ್ತಿದ್ದ ಹಿಮದ ಕೆಸರಿನಲ್ಲಿ ಸೈಕಲ್ಲನ್ನು ಮೆಲ್ಲಗೆ ತಳ್ಳಿಕೊಂಡು ಹೊರಟಳು. ಅನಸೂಯ ಅವರು ತಿರುವು ದಾಟುವವರೆಗೂ ನಿಂತಿದ್ದಳು. ಆ ಗಂಜಿಯನ್ನು ಏನು ಮಾಡುವುದು ಎಂಬುದು ಇನ್ನು ಶುಭಾಳ ತಲೆನೋವು. ಉಣ್ಣಲಿ, ಇಲ್ಲವೇ ಚೆಲ್ಲಲಿ. ಆದರೆ ಈ ಸಲ ಅದನ್ನು ಬೀದಿಗೆ ಹೊತ್ತೊಯ್ಯಲು ಆ ಮನೆಯಲ್ಲಿ ಅವಳಿಗೆ ಮಗು ಸಿಗುವುದಿಲ್ಲ.